ಎಂಟನೇ ಕಾಲಂ

ಕುಟ್ಟ ಠಾಣೆಯ ರೈಟರ್ ನಾನು.
ಮನುಷ್ಯರನ್ನು ವಾಕ್ಯಕ್ಕಿಳಿಸುವುದು ಕೆಲಸ.
ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು,
ಮನೆಯಿಂದ ಹೋದವರು ಮರಳಿ ಬಂದಿರುವುದಿಲ್ಲ.
ಈ ಒಂದೇ ಮುಖವನ್ನು ಹನ್ನೊಂದು ವರ್ಷದಿಂದ
ಕಾಣೆಯಾದವರಿಗೆಲ್ಲ ತೊಡಿಸುತ್ತ ಬಂದಿದ್ದೇನೆ.

ಎರವರ ತೋಲ. ಲೈನ್‌ಮನೆ ನಂಬರ್ ಆರು.
ವಯಸ್ಸು?
ಅಕ್ಕ ಬೊಳ್ಳಿ ಬೆರಳು ಮಡಚಿದಳು, ಬಿಚ್ಚಿದಳು:
ಗೇಟಿನ ಹತ್ತಿರದ ಸಿಲ್ವರ್ ಮರ ಕಡಿದ ವರ್ಷ
ಅವನಿಗೆ ಹಲ್ಲು ಬಂದಿತ್ತು.
ಮೂವತ್ತು, ಎಂದು ಬರೆದೆ.
ಭಾಷೆ?
ನಮ್ಮ ಮಾತು, ಅಂದಳು.
ಕನ್ನಡ, ಎಂದು ಬರೆದೆ.
ಫೋಟೊ ಅಂದರೆ ರೇಶನ್ ಕಾರ್ಡಿನ ಜೆರಾಕ್ಸು;
ಮನೆಮಂದಿಗೆಲ್ಲ ಸೇರಿ ಒಂದೇ ಕಪ್ಪು,
ತೋಲನ ಹಣೆಯ ಮೇಲೆ ಸರ್ಕಾರದ ಸೀಲು.
ಗುರುತು: ಎಡಗಾಲಿನ ಕಿರುಬೆರಳು ಇಲ್ಲ.
ಪಲ್ಪರ್ ಮೆಷಿನ್ ತಿಂದದ್ದು.

ತೋಟಕ್ಕೂ ಒಬ್ಬ ರೈಟರ್ ಇದ್ದಾನೆ.
ಅವನ ಪುಸ್ತಕದಲ್ಲಿ ಸೋಮವಾರದಿಂದ ಸಾಲಾಗಿ ಗೈರು, ಗೈರು, ಗೈರು,
ಪಕ್ಕದಲ್ಲಿ ಕೆಂಪು ಶಾಯಿಯ ನಾಲ್ಕು ಸಾವಿರ ಮುಂಗಡ.
ಓಡಿರ್ತಾನೆ ಮೇಡಂ, ಅಂದ,
ಒಬ್ಬ ರೈಟರ್ ಇನ್ನೊಬ್ಬಳಿಗೆ ಹೇಳುವ ಹಾಗೆ.

ಮಡಿಕೇರಿಯಿಂದ ನಾಯಿ ಬಂತು.
ತೋಲನ ಕಂಬಳಿ ಮೂಸಿ ಮೆಣಸಿನ ಬಳ್ಳಿಗಳ ನಡುವೆ ಓಡಿ
ಹೊಳೆಯ ಹತ್ತಿರ ಹೋಗಿ ಕೂತುಬಿಟ್ಟಿತು.
ಕಾಡಿನವರನ್ನು ಕೇಳಿದೆವು, ಆನೆಯೇ?
ಅವರು ನಮ್ಮನ್ನು ಕೇಳಿದರು, ಹೆಣ ಎಲ್ಲಿ?
ಫೋನು ಕೊನೆಗೆ ಉಸಿರಾಡಿದ್ದು ತೋಲ್ಪೆಟ್ಟಿ ಟವರಿನಲ್ಲಿ.
ಆದರೆ ಈ ಗಡಿಯಲ್ಲಿ ಮನುಷ್ಯ ನಿಂತಲ್ಲೇ ನಿಂತಿದ್ದರೂ
ಅವನ ಫೋನು ಕೇರಳಕ್ಕೆ ಹೋಗಿ ಬರುತ್ತಿರುತ್ತದೆ.

ಮೂರನೇ ವಾರ ಮಾನಂತವಾಡಿಯಿಂದ ಕರೆ:
ಅಪರಿಚಿತ ಗಂಡಸು, ಸಾಧಾರಣ ಮೈಕಟ್ಟು.
ಜೀಪಿನಲ್ಲಿ ಬೊಳ್ಳಿ ಒಂದು ಮಾತೂ ಆಡಲಿಲ್ಲ.
ಶವಾಗಾರದಲ್ಲಿ ಅವಳು ಮುಖ ನೋಡಲಿಲ್ಲ,
ಕಾಲ ಕಡೆಯ ಬಟ್ಟೆ ಎತ್ತಿ ಎಣಿಸಿದಳು.
ಹತ್ತು.
ಉಸಿರು ಬಿಟ್ಟಳು.
ಆಮೇಲೆ ಅವನ ಪಾದಕ್ಕೆ ಬಟ್ಟೆ ಹೊದಿಸಿ, ಅಂಚು ಸರಿಮಾಡಿ ಕೇಳಿದಳು:
ಇವನದ್ದು ಯಾರು ಬರೆದಿದ್ದಾರೆ?

ಎಫ್‌ಐಆರಿನ ಎಂಟನೇ ಕಾಲಂ:
ದೂರು ನೀಡಲು ತಡವಾದ ಕಾರಣ.
'ಎಲ್ಲ ಕಡೆ ಹುಡುಕಾಡಿ ಸಿಗದೆ, ಈ ದಿನ ತಡವಾಗಿ ಬಂದು.'
ಕೈಗೆ ಬಾಯಿಪಾಠವಾದ ಸಾಲು. ಬುಧವಾರ ಬರೆದೆ.

ಬೊಳ್ಳಿ ಬಂದದ್ದು ಸೋಮವಾರ.
ಕಾಫಿ ಹಣ್ಣಿನ ಅಂಟು ಬೆರಳಲ್ಲಿ ಇನ್ನೂ ಆರಿರಲಿಲ್ಲ.
ಎಲ್ಲೋ ಕುಡಿದು ಮಲಗಿರ್ತಾನೆ,
ಎರಡು ದಿನ ನೋಡಿ ಬಾ,
ಅಂದವಳು ನಾನು. ಟೀ ಕುಡಿಯುತ್ತಿದ್ದೆ.
ಸೋಮವಾರ ರಾತ್ರಿ ಒಂಬತ್ತೂ ಹತ್ತರ ತನಕ
ತೋಲನ ಫೋನು ರಿಂಗಾಗಿದೆ.
ಕರೆಗಳ ಪಟ್ಟಿಯಲ್ಲಿ ಅದೆಲ್ಲ ಇದೆ.
ಅವಳಿಗೆ ಓದಲು ಬರುವುದಿಲ್ಲ.
ನನ್ನ ಸುಳ್ಳಿನ ಕೆಳಗೆ
ಅವಳ ಹೆಬ್ಬೆಟ್ಟು ಇದೆ, ನೀಲಿಯಾಗಿ, ನಿಚ್ಚಳವಾಗಿ.

ಈಗ ಸಂತೆಯ ದಿನ ಬರುತ್ತಾಳೆ.
ಹೊರಗಿನ ಬೆಂಚಿನ ತುದಿಯಲ್ಲಿ ಕೂರುತ್ತಾಳೆ,
ಮೇಲಿನವರು ಸಿ ರಿಪೋರ್ಟ್ ಹಾಕಿ ಮುಗಿಸು ಅನ್ನುತ್ತಾರೆ,
ನಾನು ನಾಳೆ ಅನ್ನುತ್ತೇನೆ.

ನಿನ್ನೆ ಒಳಗೆ ಬಂದು ಹೇಳಿದಳು:
ಅವನ ಬಗ್ಗೆ ಬರೆದದ್ದು ಒಂದು ಸಲ ಓದಿ.
ಓದಿದೆ. ಜಿಲ್ಲೆ, ಠಾಣೆ, ದಿನಾಂಕ.
ಒಂದೊಂದು ಕಾಲಮ್ಮಿಗೂ ಒಂದೊಂದು ಬೆರಳು
ಮಡಚುತ್ತ ಹೋದಳು.
ಏಳು ಓದಿದೆ.
ಕೆಮ್ಮಿದೆ, ನೀರು ಕುಡಿದೆ.
ಒಂಬತ್ತು ಓದಿದೆ.

ತಲೆ ಎತ್ತಿದಾಗ
ಬೊಳ್ಳಿಯ ಎಂಟನೇ ಬೆರಳು
ಮಡಚದೆ ಹಾಗೇ ನಿಂತಿತ್ತು.